ಸಮುದ್ರಕ್ಕೆ ಹೋಗುವ ನೀರು

ಘಟ್ಟದ ಮೇಲೆ ಬಿದ್ದ ಮಳೆಯೆಲ್ಲ ಸುಮ್ಮನೆ ಸಮುದ್ರಕ್ಕೆ ಹೋಗುತ್ತದೆ. ಹಿರಿಯೂರಿನಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಹೋಟೆಲಿನ ಬೆಂಚಿನ ಮೇಲೆ, ಮದುವೆಯ ಪಂಕ್ತಿಯಲ್ಲಿ, ಚುನಾವಣೆಯ ಭಾಷಣದಲ್ಲಿ ಕೇಳಿ ಕೇಳಿ ನಮಗೆ ಬಾಯಿಪಾಠವಾಗಿದೆ. ನಮ್ಮ ವೇದಾವತಿ ವರ್ಷದ ಬಹುಪಾಲು ಬರೀ ಮರಳು. ಅದಕ್ಕೆ ಅಡ್ಡವಾಗಿ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿ ವಿಲಾಸ ಸಾಗರ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ ಹುಟ್ಟಿ, ದುಡಿದು, ತೀರಿಕೊಂಡವರು ಎಷ್ಟೋ ಜನ. ನಮ್ಮ ಅಪ್ಪನೂ ಅವರಲ್ಲೊಬ್ಬರು. 2022ರಲ್ಲಿ ಸುತ್ತಿನ ಹಳ್ಳಿಗಳೆಲ್ಲ ಟ್ರ್ಯಾಕ್ಟರ್ ಹತ್ತಿ ಬಂದವು. ಕೋಡಿಯ ಮೇಲೆ ಹರಿಯುವ ನೀರನ್ನು ನೋಡಿ ಮುದುಕಿಯರು ಕೈಮುಗಿದರು. ನಾನೂ ಮುಗಿದೆ.

ಇಂಥ ಊರಿನವನು ಅಘನಾಶಿನಿ ಹೊಳೆಯ ಕಣಿವೆಯಲ್ಲಿ ನಡೆಯಲು ಹೋದದ್ದು ದೀಪಾವಳಿ ಕಳೆದ ಮೇಲೆ. ಮಳೆ ನಿಂತಿತ್ತು, ಹಳ್ಳಗಳು ನಿಂತಿರಲಿಲ್ಲ. ಹೋಗಿ ಬಂದು ಒಂದು ಮಳೆಗಾಲವೇ ಕಳೆಯಿತು. ಕಣ್ಣಿಗೆ ಕಂಡದ್ದು ಎಷ್ಟೋ ಮಾಸಿದೆ. ಅಲ್ಲಿ ಕಿವಿಗೆ ಬಿದ್ದ ಒಂದು ಪ್ರಶ್ನೆ ಮಾತ್ರ ಹಾಗೇ ಇದೆ, ಕಾಲಿಗೆ ನಟ್ಟ ಮುಳ್ಳಿನ ಹಾಗೆ.

ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯ ಹತ್ತಿರ, ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯನ ಅಣ್ಣನ ಮನೆ. ಅವರನ್ನು ಹೆಗಡೆಯವರು ಎಂದರೆ ಸಾಕು. ಆ ಸೀಮೆಯಲ್ಲಿ ಕಲ್ಲೆಸೆದರೆ ಅದು ಬೀಳುವುದು ಯಾರಾದರೊಬ್ಬ ಹೆಗಡೆಯವರ ಅಂಗಳಕ್ಕೇ. ಬಸ್ಸಿಳಿದು ಅಡಿಕೆ ತೋಟದ ಅಂಚಿನ ದಾರಿಯಲ್ಲಿ ನಡೆದು ಅಂಗಳ ಸೇರುವ ಹೊತ್ತಿಗೆ ಸಂಜೆಯಾಗಿತ್ತು.

"ಬನ್ನಿ, ಬನ್ನಿ. ಮೊದ್ಲು ಕೈಕಾಲು ತೊಳ್ಕಳಿ. ಆಸ್ರಿಗೆ ಬಿಸಿ ಬೇಕೋ ತಂಪು ಬೇಕೋ?"

ಬಚ್ಚಲ ಪಕ್ಕದಲ್ಲಿ ಕಲ್ಲಿನ ತೊಟ್ಟಿ. ಅದರೊಳಕ್ಕೆ ಹೆಬ್ಬೆರಳು ಗಾತ್ರದ ನೀರು ಬೀಳುತ್ತಿತ್ತು, ತೊಟ್ಟಿ ತುಂಬಿ ಹೊರಚೆಲ್ಲುತ್ತಿತ್ತು. ಕಾಲು ತೊಳೆದ ಮೇಲೆ ನನ್ನ ಕೈ ತಾನಾಗಿ ನಲ್ಲಿಯ ತಿರುಪು ಹುಡುಕಿತು. ತಿರುಪೇ ಇರಲಿಲ್ಲ. ಗುಡ್ಡದ ಮೇಲಿನ ಒರತೆಯಿಂದ ಬರುವ ಅಬ್ಬಿ ನೀರು ಅದು. ಹಿಂದೆ ಅಡಿಕೆ ಮರ ಕೊರೆದ ದಂಬೆಯಲ್ಲಿ ಬರುತ್ತಿತ್ತು, ಈಗ ಕರೀ ಪೈಪು. ಪಂಪಿಲ್ಲ, ಕರೆಂಟಿಲ್ಲ. ಹಗಲೂ ರಾತ್ರಿ ಬೀಳುತ್ತಲೇ ಇರುತ್ತದೆ.

"ಇದನ್ನ ನಿಲ್ಲಿಸೋದಿಲ್ವಾ?" ಎಂದೆ.

"ನಿಲ್ಸಿ ಎಂತ ಮಾಡದು?" ಎಂದರು ಹೆಗಡೆಯವರು. ತೊಟ್ಟಿಯಿಂದ ಹೊರಬಿದ್ದ ನೀರು ತೋಟದ ಕಾದಿಗೆಗೆ ಹೋಗುತ್ತದಂತೆ, ಕಾದಿಗೆಯಿಂದ ಹಳ್ಳಕ್ಕೆ, ಹಳ್ಳದಿಂದ ಕೆಳಗಿನ ಮನೆಯವರ ತೋಟಕ್ಕೆ, ಅಲ್ಲಿಂದ ಹೊಳೆಗೆ. ಮೇಲಿನವರು ನಿಲ್ಲಿಸಿದರೆ ಕೆಳಗಿನವರು ಜಗಳಕ್ಕೆ ಬರುತ್ತಾರೆ. ನಮ್ಮಲ್ಲೂ ನೀರಿಗೆ ಜಗಳವಾಗುತ್ತದೆ, ಆದರೆ ಬಿಟ್ಟದ್ದಕ್ಕೆ; ಇಲ್ಲಿ ಹಿಡಿದದ್ದಕ್ಕೆ. ಆ ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಎಲ್ಲೋ ನಲ್ಲಿ ಸೋರುತ್ತಿದೆ, ಎದ್ದು ನಿಲ್ಲಿಸಬೇಕು ಎಂದು ಮೈ ಎಚ್ಚರಿಸುತ್ತಲೇ ಇತ್ತು.

ಅದಕ್ಕೂ ಮೊದಲು ಜಗುಲಿಯಲ್ಲಿ ಮಾತು ನಡೆದಿತ್ತು. ಹೆಗಡೆಯವರು ಕವಳ ಹಾಕಲೆಂದು ಎಲೆಗೆ ಸುಣ್ಣ ಸವರುತ್ತ, "ಯಾವ ಊರಾತು ನಿಮ್ದು?" ಎಂದರು.

"ಹಿರಿಯೂರು. ಚಿತ್ರದುರ್ಗ ಜಿಲ್ಲೆ."

ಸುಣ್ಣದ ಬೆರಳು ಎಲೆಯ ಮೇಲೆ ನಿಂತಿತು. "ಓಹೋ, ನಮ್ಮ ಹೊಳೆ ತಗಂಡು ಹೋಪವ್ರು ಅಂದ್ರೆ ನೀವೇಯಾ!"

ಅಘನಾಶಿನಿಯ ನೀರನ್ನು ಎತ್ತಿ ವೇದಾವತಿಗೆ, ಅಂದರೆ ನಮ್ಮ ವಾಣಿ ವಿಲಾಸ ಸಾಗರಕ್ಕೆ, ಹರಿಸುವ ಪ್ರಸ್ತಾವದ ಸುದ್ದಿ ನಾನೂ ಓದಿದ್ದೆ. ಪಕ್ಕದ ಬೇಡ್ತಿಯನ್ನು ವರದೆಗೆ ಜೋಡಿಸುವ ಯೋಜನೆ ಅದಕ್ಕಿಂತ ಹಳೆಯದು. ನಮ್ಮ ಕಡೆ ಇವು ಪೇಪರಿನ ಒಳಪುಟದ ಸುದ್ದಿ, ಬಂದರೆ ಬರಲಿ ಅನ್ನುವಂಥದ್ದು. ಇಲ್ಲಿ ಮನೆಮನೆಯ ಮಾತು. ಒಳಗಿನಿಂದ ಮನೆಯೊಡತಿ ಅಕ್ಕ ಲೋಟ ಹಿಡಿದು ಬಂದರು. "ಮೊದ್ಲು ಅವ್ರಿಗೆ ಆಸ್ರಿ ಕುಡಿಯಲೆ ಬಿಡಿ. ಹೊಳೆ ಆಮೇಲೆ ಕೊಟ್ರಾತು" ಎಂದರು. ಎಲ್ಲರೂ ನಕ್ಕೆವು. ನಗುವಿನಲ್ಲಿ ಮಾತು ಮುಗಿಯಿತು ಎಂದೇ ನಾನು ತಿಳಿದುಕೊಂಡೆ.

ಬೆಳಿಗ್ಗೆ ದಾರಿ ತೋರಿಸಲು ಬಂದವರು ಗೌಡರು. ಸುಗ್ಗಿ ಶುರುವಾದರೆ ಕೊನೆ ಕೊಯ್ಯುವುದು ಅವರ ಕೆಲಸ. ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ಮೇಲಿಂದ ಮೇಲೇ ದಾಟುತ್ತ, ನೆಲಕ್ಕಿಳಿಯದೆ ಹತ್ತಾರು ಮರ ಮುಗಿಸುವ ಕೊನೆಗೌಡರು. ಮಳೆಗಾಲದಲ್ಲಿ ಕಾಡಿನ ಉಪ್ಪಾಗೆ ಹಣ್ಣು ಹೆಕ್ಕುತ್ತಾರೆ. ಸೊಂಟದ ಕೊಕ್ಕೆಗೆ ಸಿಕ್ಕಿಸಿದ ಕತ್ತಿ, ಬರಿಗಾಲು. ನನ್ನ ಬೂಟುಗಳನ್ನು ಒಮ್ಮೆ ನೋಡಿದರು, ಏನೂ ಹೇಳಲಿಲ್ಲ.

ಮನೆಯ ಹಿಂದಿನ ಸೊಪ್ಪಿನ ಬೆಟ್ಟ ದಾಟಿದರೆ ಕಾಡು. ಈ ಬೆಟ್ಟದ ಲೆಕ್ಕ ಬಯಲುಸೀಮೆಯವರಿಗೆ ಹೊಸದು. ಒಂದು ಎಕರೆ ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲು ಒಂಬತ್ತು ಎಕರೆಯವರೆಗೆ ಕಾಡನ್ನು ಬಿಟ್ಟುಕೊಟ್ಟದ್ದು ಬ್ರಿಟಿಷರ ಕಾಲದ ವ್ಯವಸ್ಥೆ. ಜಾಗ ಸರ್ಕಾರದ್ದು, ಸೊಪ್ಪಿನ ಹಕ್ಕು ತೋಟದವರದು. ಕೆಲವರ ಬೆಟ್ಟ ಕಾಡಿಗಿಂತ ದಟ್ಟವಾಗಿರುತ್ತದೆ, ಕೆಲವರದು ಬೋಳು. ಯಾರದ್ದು ಹೇಗಿದೆ ಎಂದು ಗೌಡರು ನಡೆಯುತ್ತಲೇ ಹೇಳಿದರು, ಹೆಸರು ಹಿಡಿದು. ಅದನ್ನೆಲ್ಲ ಇಲ್ಲಿ ಬರೆದರೆ ನನಗೆ ಇನ್ನೊಮ್ಮೆ ಆ ಕಡೆ ಹೋಗಲಾಗದು.

ಒಂದು ಕಡೆ ತೇಗದ ಪ್ಲಾಂಟೇಶನ್ ಬಂತು. ಸಾಲು ಹಿಡಿದು ನಿಂತ ಮರಗಳು, ಕೆಳಗೆ ಹುಲ್ಲೂ ಸರಿಯಾಗಿ ಇಲ್ಲ. ಸಹಜ ಕಾಡನ್ನು ಕಡಿದು ತೇಗ ಹಾಕುವುದರ ವಿರುದ್ಧವೇ 1983ರ ಸೆಪ್ಟೆಂಬರ್ 8ರಂದು ಶಿರಸಿಯ ಸಾಲ್ಕಣಿ ಹತ್ತಿರದ ಕಳಾಸೆ ಕಾಡಿನಲ್ಲಿ ಹಳ್ಳಿಯವರು ಮರಗಳನ್ನು ಅಪ್ಪಿಕೊಂಡು ನಿಂತದ್ದು. ಅಪ್ಪಿಕೋ ಚಳವಳಿ ಎಂದು ನಾವು ಶಾಲೆಯಲ್ಲಿ ಎರಡು ಅಂಕದ ಪ್ರಶ್ನೆಗೆ ಓದಿದ್ದೆವು. ತೇಗದ ಸಾಲು ದಾಟಿ ಹಳೆಯ ಕಾನಿನೊಳಕ್ಕೆ ಕಾಲಿಟ್ಟಾಗ, ಅಂಕಕ್ಕಾಗಿ ಓದಿದ್ದರ ಅರ್ಥ ಮೈಗೆ ತಾಗಿತು: ಬೆಳಕು ತಟ್ಟನೆ ಇಳಿಯಿತು, ನೆಲ ಮೆತ್ತಗಾಯಿತು, ಎಲ್ಲೋ ನೀರು ಜಿನುಗುವ ಸದ್ದು ಶುರುವಾಯಿತು. ಮಳೆ ನಿಂತು ವಾರಗಳಾದರೂ ಆ ನೆಲ ನೀರನ್ನು ಇನ್ನೂ ಬಿಟ್ಟುಕೊಡುತ್ತಿತ್ತು. ತೇಗದ ಸಾಲಿನ ಕೆಳಗೆ ನನ್ನ ಬೂಟಿಗೆ ಧೂಳು ಹತ್ತಿತ್ತು, ಇಲ್ಲಿ ಕೆಸರು.

ತಗ್ಗಿನಲ್ಲಿ ರಾಮಪತ್ರೆಯ ಜಡ್ಡಿ. ನಿಂತ ನೀರು, ಕೆಸರು. ಕೆಸರಿನಿಂದ ಮೇಲೆದ್ದು ಬಾಗಿ ಮತ್ತೆ ಕೆಸರಿಗಿಳಿದ ಬೇರುಗಳು. ನೀರಿನಲ್ಲೇ ನಿಂತ ಮರ ಉಸಿರಾಡಲು ಮಾಡಿಕೊಂಡ ಉಪಾಯ ಅದು. ಇಂಥ ಜಡ್ಡಿಗಳು ಪಶ್ಚಿಮ ಘಟ್ಟದಲ್ಲಿ ಅಲ್ಲಲ್ಲಿ ಚೂರುಚೂರಾಗಿ ಉಳಿದಿವೆ ಅಷ್ಟೆ. ವರ್ಷವಿಡೀ ನೀರು ಒಸರುವ ಜಾಗ ಬಿಟ್ಟು ಬೇರೆಲ್ಲೂ ಇವು ಬದುಕುವುದಿಲ್ಲ. ಅಡಿಕೆ ತೋಟಕ್ಕೂ ಭತ್ತದ ಗದ್ದೆಗೂ ಬೇಕಾದದ್ದು ಅದೇ ಜಾಗ. ಹಾಗಾಗಿ ಹೆಚ್ಚಿನ ಜಡ್ಡಿಗಳು ಎಂದೋ ತೋಟವಾದವು, ಗದ್ದೆಯಾದವು. ಗೌಡರು ಅಲ್ಲಿ ಜೋರಾಗಿ ಮಾತಾಡಲಿಲ್ಲ. ಕಾರಣ ಕೇಳಿದರೆ, "ಸಿಂಗಳೀಕ ಇರ್ತದೆ ಸಾರ್, ಓಡಿ ಹೋಗ್ತದೆ" ಎಂದರು.

ಇತ್ತು. ಮೊದಲು ಮೇಲಿಂದ ಅರ್ಧ ತಿಂದ ಹಣ್ಣು ಬಿತ್ತು. ತಲೆಯೆತ್ತಿದರೆ ಕಪ್ಪು ಮೈ, ಮುಖದ ಸುತ್ತ ಬೂದು ಬಣ್ಣದ ಕೇಸರ, ತುದಿಯಲ್ಲಿ ಗೊಂಡೆಯಿರುವ ಬಾಲ. ಹತ್ತು ಹನ್ನೆರಡು ಇದ್ದಿರಬಹುದು, ಎಣಿಸಲು ಬಿಡಲಿಲ್ಲ. ನಮ್ಮೂರ ಕೋತಿಗಳಿಗೆ ಮನುಷ್ಯ ಎಂದರೆ ಬಾಳೆಹಣ್ಣು, ಕೈಚೀಲ. ಇವಕ್ಕೆ ನಮ್ಮಿಂದ ಏನೂ ಬೇಕಿರಲಿಲ್ಲ. ಸಿಂಗಳೀಕ ಇರುವುದು ಪಶ್ಚಿಮ ಘಟ್ಟದಲ್ಲಿ ಮಾತ್ರ, ಹೆಚ್ಚು ಕಾಲ ಮರದ ಮೇಲೇ. ಕೊಂಬೆಗೆ ಕೊಂಬೆ ಕೂಡಿದ್ದರೆ ಅದರ ದಾರಿ ತೆರೆದಿರುತ್ತದೆ. ನಡುವೆ ಒಂದು ಅಗಲವಾದ ರಸ್ತೆಯೋ ಕಾಲುವೆಯೋ ಬಂದರೆ ಕಾಡು ಎರಡು ಹೋಳಾದಂತೆ. 2011ರಲ್ಲಿ ಈ ಕಣಿವೆಯ ಸುಮಾರು 300 ಚದರ ಕಿಲೋಮೀಟರನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವೆಂದು ಸರ್ಕಾರವೇ ಘೋಷಿಸಿತು. ಹೊಳೆಯ ನೀರನ್ನು ಪೂರ್ವಕ್ಕೆ ಎತ್ತುವ ಮಾತು ಬಂದದ್ದೂ ಸರ್ಕಾರದ ಕಡೆಯಿಂದಲೇ. ಎರಡು ಕಡತಗಳು ಒಂದೇ ಮೇಜಿನ ಮೇಲೆ ಯಾವತ್ತಾದರೂ ಎದುರುಬದುರು ಕೂತಿದ್ದವೋ ಇಲ್ಲವೋ.

ಉಂಚಳ್ಳಿ ಜಲಪಾತದ ಸದ್ದು ನೀರಿಗಿಂತ ಮೊದಲೇ ಸಿಗುತ್ತದೆ. ಮೊದಲು ದೂರದಲ್ಲಿ ಲಾರಿಯೊಂದು ಘಟ್ಟ ಹತ್ತುತ್ತಿದೆ ಅನ್ನಿಸಿತು. ಲಾರಿ ಎಷ್ಟು ಹೊತ್ತಾದರೂ ಹತ್ತಿ ಮುಗಿಸಲಿಲ್ಲ. ಮೆಟ್ಟಿಲಿಳಿದು ವೀಕ್ಷಣೆಯ ಕಟ್ಟೆಗೆ ಬಂದರೆ ಎದುರಿಗೇ ಅಘನಾಶಿನಿ 116 ಮೀಟರ್ ಕೆಳಕ್ಕೆ ಬೀಳುತ್ತಿದ್ದಾಳೆ. ಹಾಲಿನ ನೊರೆ ಎಂಬ ಹೋಲಿಕೆಯನ್ನು ಪ್ರವಾಸ ಬರೆದವರೆಲ್ಲ ಸವೆಸಿ ಇಟ್ಟಿದ್ದಾರೆ, ನಾನು ಮುಟ್ಟುವುದಿಲ್ಲ. ನನಗೆ ಕಂಡದ್ದು ಬೇರೆ. ಮೇಲಿನ ಬಂಡೆಯ ಅಂಚಿನವರೆಗೆ ಅದು ಒಂದು ಸಾಧಾರಣ ಹೊಳೆ, ಬೇಸಿಗೆಯಲ್ಲಿ ಮೊಣಕಾಲುದ್ದದಲ್ಲಿ ದಾಟಬಹುದಾದಂಥದ್ದು. ಶಿರಸಿ ಪೇಟೆಯ ಶಂಕರ ಹೊಂಡದ ಹತ್ತಿರ ಹುಟ್ಟಿ, ತೋಟಗಳ ಪಕ್ಕದಲ್ಲಿ ಗದ್ದಲವಿಲ್ಲದೆ ಬಂದದ್ದು. ನೆಲ ತಪ್ಪಿದ ಕಡೆ ಅದು ಇನ್ನೊಂದೇ ಆಗಿಬಿಡುತ್ತದೆ.

ಇದನ್ನು ಲುಷಿಂಗ್ಟನ್ ಜಲಪಾತ ಎಂದೂ ಬರೆಯುತ್ತಾರೆ. 1845ರಲ್ಲಿ ಆ ಹೆಸರಿನ ಬ್ರಿಟಿಷ್ ಅಧಿಕಾರಿ ಇದನ್ನು 'ಕಂಡುಹಿಡಿದ'ನಂತೆ. ಅದನ್ನು ಹೇಳಿದಾಗ ಗೌಡರು, "ಅಲ್ಲೀವರೆಗೆ ನಮ್ಮೋರಿಗೆ ಕೆಪ್ಪು ಇತ್ತಾ?" ಎಂದರು. ಊರವರು ಇದನ್ನು ಕೆಪ್ಪ ಜೋಗ ಎಂದು ಕರೆಯುತ್ತಿದ್ದದ್ದು ಆಮೇಲೆ ನೆನಪಾಗಿ ನಾನು ಒಬ್ಬನೇ ನಕ್ಕೆ.

ಕಟ್ಟೆಯ ಮೇಲೆ ಜನ ಇದ್ದರು. ಫೋಟೋ ತೆಗೆದರು, ಹೋದರು. ಒಬ್ಬ ಯುವಕ ಬೇಲಿ ದಾಟಿ ಕೆಳಗಿಳಿಯಲು ನೋಡಿದ, ಗೌಡರು ಗದರಿದರು. ಜಲಪಾತದ ಬುಡಕ್ಕೆ ಅಲ್ಲಿಂದ ಇಳಿಯಬಾರದು, ಪಾಚಿಗಟ್ಟಿದ ಬಂಡೆ ಯಾರನ್ನೂ ಬಿಡುವುದಿಲ್ಲ. ನಾವು ಕಣಿವೆಗೆ ಇಳಿದದ್ದು ಬೇರೆ ಕಡೆಯಿಂದ, ಘಟ್ಟದ ಹಳೆಯ ಕಾಲುದಾರಿಯಲ್ಲಿ. ಬಸ್ಸುಗಳು ಬರುವ ಮೊದಲು ಅಡಿಕೆ, ಮೆಣಸಿನ ಹೊರೆ ಹೊತ್ತವರು ಇಂಥ ದಾರಿಗಳಲ್ಲೇ ಕುಮಟೆಯ ಕಡೆ ಇಳಿದು, ಉಪ್ಪು ಹೊತ್ತು ಹತ್ತಿದ್ದು. ಹೊರೆ ಇಳಿಸಿ ದಣಿವಾರಿಸಿಕೊಳ್ಳಲು ಕಟ್ಟಿದ ಕಲ್ಲುಕಟ್ಟೆಯೊಂದು ಪಾಚಿ ಹೊದ್ದು ಅಲ್ಲೇ ಇತ್ತು. ಅದರ ಮೇಲೆ ಕೂತು ನಾನೂ ದಣಿವಾರಿಸಿಕೊಂಡೆ; ನನ್ನ ಹೊರೆ ಎಂದರೆ ನೀರಿನ ಬಾಟಲಿ. ಹಿರಿಯೂರಿನಿಂದ ಬಂದವನು, ಹೆಜ್ಜೆಗೊಂದು ಹಳ್ಳ ಇರುವ ಕಾಡಿಗೆ ಬಾಟಲಿಯಲ್ಲಿ ನೀರು ಹೊತ್ತುಕೊಂಡು ಹೋಗಿದ್ದೆ.

ಇಳಿದಷ್ಟೂ ಗಾಳಿ ದಪ್ಪವಾಯಿತು. ಘಟ್ಟದ ಮೇಲಿನ ತಂಪು ಹೋಗಿ ಕರಾವಳಿಯ ಬೆವರು ಶುರುವಾಯಿತು. ಬೈನೆ ಮರಗಳು, ಬೆತ್ತದ ಪೊದೆ, ಕಾಲಿಗೆ ತೊಡರುವ ಬಳ್ಳಿ. ತಂಪಿನ ಜಾಗಗಳಲ್ಲಿ ಉಂಬಳ ಇನ್ನೂ ಇದ್ದವು, ನಿತ್ರಾಣವಾಗಿ. ತಲೆಯ ಮೇಲೆ ದೊಡ್ಡ ಮಂಗಟ್ಟೆಯೊಂದು ಹಾರಿತು. ಮೊದಲು ಬಂದದ್ದು ರೆಕ್ಕೆಯ ಸದ್ದು, ಆಮೇಲೆ ಹಕ್ಕಿ. ಹಳ್ಳಗಳ ಹತ್ತಿರ ಶಿಳ್ಳೆಗಾರ ಹಕ್ಕಿ ಮನುಷ್ಯ ಯಾರೋ ದಾರಿ ತಪ್ಪಿ ಬೇಸರಕ್ಕೆ ಸಿಳ್ಳೆ ಹಾಕಿದಂತೆ ಹಾಡುತ್ತಿತ್ತು. ಉಪ್ಪಾಗೆ ಮರವೊಂದರ ಕೊಂಬೆಗಳು ಸಿಗಿದು ನೇತಾಡುತ್ತಿದ್ದವು. ಅದರ ಹಣ್ಣಿನ ಸಿಪ್ಪೆಗೆ ಒಂದು ಕಾಲಕ್ಕೆ ವಿಪರೀತ ಬೆಲೆ ಬಂತಂತೆ. ತೂಕ ಇಳಿಸುವ ಮಾತ್ರೆಗೆ ಹೊರದೇಶದಿಂದ ಬೇಡಿಕೆ. ಹಣ್ಣಾಗುವವರೆಗೆ ಕಾಯುವ ವ್ಯವಧಾನ ಯಾರಿಗೂ ಉಳಿಯದೆ, ಕೊಂಬೆ ಕಡಿದೇ ಕೊಯ್ದರು. ಮಳೆಗಾಲದಲ್ಲಿ ಬರುವ ಹಣ್ಣು, ಬಿಸಿಲಿಗೆ ಒಣಗುವುದಿಲ್ಲ; ಒಲೆ ಹಾಕಿ ಒಣಗಿಸಬೇಕು. ಅದಕ್ಕೆ ಸುಟ್ಟ ಕಟ್ಟಿಗೆಯೂ ಇದೇ ಕಾಡಿನದು. "ಅಮೆರಿಕದೋರ ಹೊಟ್ಟೆ ಕರಗ್ಸೂಕೆ ನಮ್ಮ ಕಾಡು ಕರಗ್ತು" ಎಂದು ಗೌಡರು ಅದನ್ನು ಒಂದೇ ಸಾಲಿಗೆ ಮುಗಿಸಿದರು.

ಕಣಿವೆಯ ತಳದಲ್ಲಿ ಹೊಳೆ ಸಿಕ್ಕಿತು. ಮೇಲೆ ಅಷ್ಟು ಗದ್ದಲ ಮಾಡಿದ್ದು ಇದೇ ನೀರೇ ಅನ್ನುವ ಹಾಗೆ ಬಂಡೆಗಳ ನಡುವೆ ಸುಮ್ಮನೆ ಹರಿಯುತ್ತಿತ್ತು. ಎರಡೂ ಕಡೆ ಕಾಡು ನೇರ ಮೇಲೆದ್ದಿದೆ. ಆಕಾಶ ಒಂದು ಪಟ್ಟಿ. ಬಂಡೆಯಿಂದ ಬಂಡೆಗೆ ಹಾರುತ್ತ, ಕೆಲವೆಡೆ ಸೊಂಟದವರೆಗೆ ಮುಳುಗುತ್ತ ನಡೆದೆವು. ಹೊಳೆಯಂಚಿನ ಕಾಡು ಮಾವಿನ ಮರಗಳನ್ನು ಗೌಡರು ತೋರಿಸಿದರು. ಅಪ್ಪೆಮಿಡಿ ಹೆಚ್ಚಾಗಿ ಬೆಳೆಯುವುದು ಹೀಗೆ ಹೊಳೆಯ ದಂಡೆಯಲ್ಲೇ. ಒಂದೊಂದು ಮರದ್ದು ಒಂದೊಂದು ಪರಿಮಳ, ಮರಗಳಿಗೆ ಯಜಮಾನರ ಹೆಸರು, ಜಾಗದ ಹೆಸರು. ಅಪ್ಪೆಮಿಡಿಗೆ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಮಿಡಿಯಷ್ಟೇ ಬೇಕು ಎಂದು ಇಡೀ ಕೊಂಬೆ ಕಡಿಯುವವರು ಇಲ್ಲೂ ಬಂದಿದ್ದಾರೆ.

ಮಧ್ಯಾಹ್ನ ಬುತ್ತಿ ಬಿಚ್ಚಿದ್ದು ಮಡುವಿನ ಪಕ್ಕದ ಚಪ್ಪಟೆ ಬಂಡೆಯ ಮೇಲೆ. ಬಾಳೆಲೆಯಲ್ಲಿ ಕಟ್ಟಿದ ಮೊಸರನ್ನ, ಮಿಡಿ ಉಪ್ಪಿನಕಾಯಿ. ತಿನ್ನುತ್ತ ಗೌಡರು ಹೇಳಿದರು: "ನಿಮ್ಮ ಬದಿಗೇ ನಮ್ಮ ಅಕ್ಕನ ಮಗ ಬಂದಾನೆ ಸಾರ್. ಕೊನೆ ಕೊಯ್ಯೂಕೆ."

"ನಮ್ಮ ಕಡೆಗಾ?"

"ಹ್ಞೂ. ಚಿತ್ರದುರ್ಗದ ಬದಿಗೆ. ಅಲ್ಲಿ ಒಳ್ಳೇ ತೋಟ ಆಗಿದಾವಂತೆ. ಕೊಳೆ ರೋಗ ಇಲ್ಲ, ಉಂಬಳ ಇಲ್ಲ, ಮರ ಜಾರೂದಿಲ್ಲ. ನೀರೊಂದೇ ಇಲ್ಲ ಹೇಳ್ತಾನೆ."

ಅವರು ವ್ಯಂಗ್ಯಕ್ಕೆ ಹೇಳಿದ್ದಲ್ಲ, ಸುದ್ದಿಯ ಹಾಗೆ ಹೇಳಿದರು. ಎಲೆ ಮಡಚಿ, ಕೈ ತೊಳೆದು, ಎದ್ದರು. ನನಗೆ ಮಾತ್ರ ಉಳಿದ ದಾರಿಯಲ್ಲಿ ಹೊಳೆ ಕಾಣಲಿಲ್ಲ. ಹೊಳಲ್ಕೆರೆ, ಹೊಸದುರ್ಗ, ನಮ್ಮ ಹಿರಿಯೂರು. ಶೇಂಗಾ, ಜೋಳ, ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಎದ್ದ ಅಡಿಕೆ ತೋಟಗಳು ಕಣ್ಣಮುಂದೆ ಬಂದವು. ಬರದ ವರ್ಷಗಳಲ್ಲಿ ಟ್ಯಾಂಕರಿನಲ್ಲಿ ನೀರು ತಂದು ಅಡಿಕೆ ಬುಡಕ್ಕೆ ಹೊಯ್ದದ್ದನ್ನು ನಾನೇ ನೋಡಿದ್ದೇನೆ. ನನ್ನ ಭಾವನದೇ ತೋಟವಿದೆ. ಒಂದು ಬೋರು ಬತ್ತಿದರೆ ಇನ್ನೊಂದು, ಅದು ಬತ್ತಿದರೆ ಮತ್ತೊಂದು.

ಹೆಗಡೆಯವರ ಮನೆಗೆ ಮರಳಿದ ಮೇಲೆ ರಾತ್ರಿಯ ಊಟಕ್ಕೆ ಒಂದೆಲಗದ ತಂಬುಳಿ, ಉಪ್ಪಿನಲ್ಲಿಟ್ಟ ಮಾವಿನಕಾಯಿಯ ಅಪ್ಪೆಹುಳಿ. ಇಂಗಿನ ಒಗ್ಗರಣೆಯ ಆ ತಿಳಿಹುಳಿಯನ್ನು ಅನ್ನಕ್ಕೆ ಹಾಕಿಕೊಂಡೆ; ಅಕ್ಕ, "ಅದು ಕುಡಿಯೂದು" ಎಂದು ಲೋಟ ತುಂಬಿಸಿದರು. ಮುದ್ದೆ, ಉಪ್ಸಾರಿನ ಖಾರಕ್ಕೆ ಪಳಗಿದ ನಾಲಗೆಗೆ ಮೊದಲು ಸಪ್ಪೆ ಅನ್ನಿಸಿ, ಮೂರನೇ ಲೋಟದ ಹೊತ್ತಿಗೆ ಬಿಡಲಾರದಾಯಿತು. ಕುಡಿದವರಿಗೆ ನಿದ್ದೆ ಒತ್ತರಿಸಿ ಬರುತ್ತದೆ ಎನ್ನುತ್ತಾರೆ. ಹೆಗಡೆಯವರು ಮಲಗಲು ಬಿಡಲಿಲ್ಲ. ಮುಗಿಯಿತೆಂದುಕೊಂಡಿದ್ದ ಮಾತನ್ನು ಅವರೇ ಎತ್ತಿದರು.

"ಕುಡಿಯೂಕೆ ನೀರು ಅಂದ್ರೆ ಯಾರೂ ಇಲ್ಲ ಹೇಳೂದಿಲ್ಲ ಮಾರಾಯ್ರೆ. ಅಡಿಕೆಗೆ ಬೇಕು ಹೇಳಿ ನಮ್ಮ ಹೊಳೆ ಕೇಳೂದಾ? ಅಡಿಕೆ ಇಲ್ಲೇ ಬೆಳೀತಲ, ಹೊಳೆ ತಗಂಡು ಹೋಗಿ ಅಲ್ಲಿ ಬೆಳೀವದು ಎಂತಕ್ಕೆ?"

ಇದೇ ಆ ಪ್ರಶ್ನೆ. ನಾನು ಸುಮ್ಮನಿರಲಿಲ್ಲ, ಹೇಳಬೇಕಾದದ್ದನ್ನು ಹೇಳಿದೆ. ನಿಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ. ನಮ್ಮಲ್ಲಿ 600 ಮುಟ್ಟಿದರೆ ಒಳ್ಳೆಯ ವರ್ಷ. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಆಳದ ಬೋರಿನಿಂದ ಬರುವ ನೀರಿನಲ್ಲಿ ಫ್ಲೋರೈಡು, ಮಕ್ಕಳ ಹಲ್ಲು ಕಂದುಗಟ್ಟುತ್ತವೆ. ಮಳೆ ಎಲ್ಲಿ ಬೀಳಬೇಕೆಂದು ನೀವೂ ತೀರ್ಮಾನಿಸಿದ್ದಲ್ಲ, ನಾವೂ ಅಲ್ಲ. ಶೇಂಗಾ ಬೆಳೆದವನು ಸಾಲದಲ್ಲಿ ಸತ್ತ, ಅಡಿಕೆ ಹಾಕಿದವನು ಮನೆ ಕಟ್ಟಿದ. ರೈತನಿಗೆ ಯಾವ ಬಾಯಲ್ಲಿ ಬೇಡ ಅನ್ನುವುದು? ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರು ನಮ್ಮ ಸಾಗರಕ್ಕೆ ಬಂದಾಗ ಕುಣಿದ ಜನ ನಾವು. ನಾಚಿಕೆಪಡುವಂಥದ್ದು ಅದರಲ್ಲಿ ನನಗೆ ಈಗಲೂ ಕಾಣುವುದಿಲ್ಲ.

ಹೆಗಡೆಯವರು ಪೂರ್ತಿ ಕೇಳಿದರು. "ನಾವೂ ಸಾಚಾ ಅಲ್ಲ" ಎಂದರು. ಏಪ್ರಿಲ್ ಹೊತ್ತಿಗೆ ಅಬ್ಬಿಯ ನೀರು ಈಗ ಕಿರುಬೆರಳಿಗೆ ಇಳಿಯುತ್ತದೆ, ಕೆಲವರ ಮನೆಗೆ ನಿಂತೇ ಹೋಗುತ್ತದೆ. ಮೂರು ಸಾವಿರ ಮಿಲಿಮೀಟರ್ ಮಳೆಯ ಊರಲ್ಲೂ ಬೋರು ತೆಗೆಸುತ್ತಿದ್ದಾರೆ. ಗುಡ್ಡದ ತಲೆ ಬೋಳಾದರೆ ಮಳೆ ಎಷ್ಟಿದ್ದರೂ ಹೊಳೆ ಬೇಸಿಗೆಗೆ ಉಳಿಯುವುದಿಲ್ಲ ಎಂದು ಅವರೇ ಹೇಳಿದರು. ಬೆಳಿಗ್ಗೆ ತೇಗದ ಸಾಲಿನಲ್ಲೂ ಕಾನಿನಲ್ಲೂ ನಾನು ಕಂಡದ್ದು ಅದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲರಿಗೂ ಕಾಣುವ ನೀರನ್ನು ಅಳೆದು 'ಹೆಚ್ಚುವರಿ' ಎಂದು ಬರೆಯುವುದು ಸುಲಭ. ಜನವರಿಯ ನಂತರ ಕಾಡು ಸ್ವಲ್ಪಸ್ವಲ್ಪವೇ ಬಿಟ್ಟುಕೊಡುವ ನೀರಿನ ಲೆಕ್ಕ ಬೇರೆ.

ಮರುದಿನ ಬೆಣ್ಣೆ ಹೊಳೆಯ ಜಲಪಾತ ನೋಡಿದೆವು. ದೇವಿಮನೆ ಘಟ್ಟದ ಕಡೆಯ ಕಾಡಿನಲ್ಲಿ ಬೀಳುವ, ಅಘನಾಶಿನಿಯನ್ನೇ ಸೇರುವ ಹೊಳೆ. ಉಂಚಳ್ಳಿಗಿಂತ ಚೆಲುವಾದದ್ದು, ಬುಡದವರೆಗೆ ಇಳಿಯಲು ಬರುತ್ತದೆ, ಮೈಮೇಲೆ ತುಂತುರು ಬೀಳುತ್ತದೆ. ಅದರ ಬಗ್ಗೆ ಇಷ್ಟೇ ಸಾಕು. ಚೆಲುವನ್ನು ನೋಡುವ ಮನಸ್ಸು ಆ ದಿನ ನನಗಿರಲಿಲ್ಲ. ನೀರು ಕೊನೆಗೆ ಎಲ್ಲಿ ಹೋಗುತ್ತದೆ ಎಂದು ನೋಡಿಯೇ ಬಿಡಬೇಕು ಅನ್ನಿಸಿತ್ತು. ಘಟ್ಟ ಇಳಿದು ಕುಮಟೆಗೆ, ಅಲ್ಲಿಂದ ಹೊಳೆಯ ಹೆಸರನ್ನೇ ಹೊತ್ತ ಅಘನಾಶಿನಿ ಊರಿಗೆ ಹೋದೆ.

ಅಳಿವೆಯಲ್ಲಿ ಆಗ ಇಳಿತದ ಹೊತ್ತು. ಎದುರು ದಡದಲ್ಲಿ ತದಡಿ ಬಂದರು, ನಡುವೆ ಮೈಲುಗಟ್ಟಲೆ ತೇವದ ಮರಳು. ಹೆಂಗಸರು, ಗಂಡಸರು, ಶಾಲೆ ಬಿಟ್ಟ ಹುಡುಗರು ಮೊಣಕಾಲುದ್ದ ನೀರಿನಲ್ಲಿ ಕೈಯಾಡಿಸುತ್ತ ಬಳಚು ಹೆಕ್ಕುತ್ತಿದ್ದರು. ಬುಟ್ಟಿಗಟ್ಟಲೆ ಚಿಪ್ಪುಗಳು. ಬಂಡವಾಳ ಬೇಡ, ದೋಣಿ ಇದ್ದರೂ ಆದೀತು, ಇಲ್ಲದಿದ್ದರೂ ಆದೀತು. ಎರಡು ಕೈ ಇದ್ದರೆ ದಿನದ ಊಟ. ಪಕ್ಕದಲ್ಲಿ ಗಜನಿ ಗದ್ದೆಗಳು. ಅಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪು ನೀರನ್ನು ತಡೆಯುತ್ತದೆ, ಆದರೆ ಮಳೆಗಾಲದ ಹೊಳೆ ಬಂದು ಗದ್ದೆಯ ಉಪ್ಪನ್ನು ತೊಳೆದ ಮೇಲೇ ಮೊಳೆಯುತ್ತದೆ. ಭತ್ತ ಕೊಯ್ದ ಮೇಲೆ ಅದೇ ಗದ್ದೆಗೆ ಉಪ್ಪು ನೀರು ಬಿಟ್ಟು ಸಿಗಡಿ, ಮೀನು. ಸ್ವಲ್ಪ ದೂರದ ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳು. 2024ರ ಜನವರಿಯಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ಬುಟ್ಟಿ ತುಂಬಿಸುತ್ತಿದ್ದ ಒಬ್ಬ ಹಿರಿಯ ಹೆಂಗಸನ್ನು ಕೇಳಿದೆ: "ಅಮ್ಮಾ, ಹೊಳೆಯ ನೀರು ಕಡಿಮೆ ಬಂದರೆ ಏನಾಗುತ್ತದೆ?"

"ಉಪ್ಪು ಹೆಚ್ಚಾದ್ರೂ ಬಳಚು ಸಾಯ್ತದೆ, ಸಿಹಿ ಹೆಚ್ಚಾದ್ರೂ ಸಾಯ್ತದೆ. ಎಷ್ಟು ಬೇಕೋ ಅಷ್ಟು ಹೊಳೆ ತರ್ತದೆ" ಎಂದವರು, ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಯಾವ ಕಂಪನಿಯವ್ರು ನೀವು?" ಎಂದರು. ಈ ಅಳಿವೆಗೆ ವಿದ್ಯುತ್ ಸ್ಥಾವರದ, ದೊಡ್ಡ ಬಂದರಿನ ಯೋಜನೆಗಳು ಹಿಂದೆ ಬಂದು ಹೋಗಿವೆ. ಪ್ರಶ್ನೆ ಕೇಳುವ ಅಪರಿಚಿತ ಎಂದರೆ ಅವರಿಗೆ ಕಂಪನಿಯವನೇ. ಇಲ್ಲಿ ನಾನು ಹಿರಿಯೂರು ಎಂದು ಹೇಳಲಿಲ್ಲ.

ಊರಿಗೆ ಬಂದ ಮೇಲೆ ಭಾವನಿಗೆ ಎಲ್ಲವನ್ನೂ ಹೇಳಿದೆ. ಅವನು ಡ್ರಿಪ್ ಪೈಪಿನ ತೂತು ಸರಿಮಾಡುತ್ತ ಕೂತಿದ್ದ. "ಚಿಪ್ಪು ಹೆಕ್ಕೋರಿಗೂ ನಮ್ಗೂ ಏನ್ ಸಂಬಂಧ ಕಣ್ ಭಾವ? ನೀರು ಬಂದ್ರೆ ಸಾಕು" ಎಂದ. ಸ್ವಲ್ಪ ಹೊತ್ತಿನ ಮೇಲೆ ಅವನೇ, "ಅಲ್ಲ, ಅವ್ರ್ ಮನೇಲಿ ನಲ್ಲಿ ನಿಲ್ಸೋದೇ ಇಲ್ವಾ?" ಎಂದು ಕೇಳಿದ. ನಾನು ಹೇಳಿದ ಕಾಡು, ಜಲಪಾತ, ಸಿಂಗಳೀಕ ಯಾವುದೂ ಅವನ ಮನಸ್ಸಿಗೆ ಹತ್ತಿರಲಿಲ್ಲ. ಅದೊಂದು ಹತ್ತಿತ್ತು.

ಘಟ್ಟದ ನೀರು ವ್ಯರ್ಥವಾಗಿ ಸಮುದ್ರ ಸೇರುತ್ತದೆ ಎಂಬ ಮಾತನ್ನು ನಾನೀಗ ಆಡುವುದಿಲ್ಲ. ಅದು ಸುಳ್ಳು. ನಮ್ಮ ಕಡೆಯ ಬಾಯಾರಿಕೆ ಮಾತ್ರ ಸುಳ್ಳಲ್ಲ. ಅದಕ್ಕೇ ನಮ್ಮ ಬಯಲುಸೀಮೆಯವರಲ್ಲಿ ನನ್ನದೊಂದು ಕೋರಿಕೆ. ದೀಪಾವಳಿ ಕಳೆದ ಮೇಲೆ, ಮಳೆ ನಿಂತು ಬಂಡೆ ಒಣಗಿದ ಮೇಲೆ, ಒಮ್ಮೆ ಆ ಕಣಿವೆಗೆ ಹೋಗಿ. ಊರು ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ನಡೆದೇ ಹೋಗಿ. ಜಲಪಾತದ ಕಟ್ಟೆಯಿಂದಲೇ ಹಿಂತಿರುಗದೆ ಅಳಿವೆಯವರೆಗೂ ಇಳಿಯಿರಿ. ನೀರು ಕೇಳುವುದಿದ್ದರೆ ಅದಾದ ಮೇಲೆ ಕೇಳೋಣ. ಕೇಳುವ ಅರ್ಜಿಯಲ್ಲಿ ಕುಡಿಯುವುದಕ್ಕೆ ಎಷ್ಟು, ಅಡಿಕೆಗೆ ಎಷ್ಟು ಎಂದು ಬೇರೆಬೇರೆಯಾಗಿ ಬರೆಯೋಣ.